ಕಾರಿನ ಊರಿಗೆ ಹೊರಡುವ ಮುನ್ನ

ನರಿಕೊಂಬು, ಪಾಣೆಮಂಗಳೂರು, ಮೆಲ್ಕಾರ್, ಕಲ್ಲಡ್ಕ ಕಡೆಯ ಮುಸ್ಲಿಮ್ ಮನೆಗಳಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿ ಇಲ್ಲದ ಮನೆಯನ್ನು ಹುಡುಕುವುದು ಕಷ್ಟ. ನಮ್ಮ ಅಜ್ಜಂದಿರು ಬೊಂಬಾಯಿಗೆ ಹೋದರು. ಎಪ್ಪತ್ತರ ದಶಕದ ನಂತರ ಅವರ ಮಕ್ಕಳು ಬೊಂಬಾಯಿಯಿಂದ ಕೊಲ್ಲಿ ರಾಷ್ಟ್ರಗಳ ದಾರಿ ಹಿಡಿದರು. ಗಂಡಸು ಹೋಗಬೇಕೇ ಬೇಡವೇ ಎಂದು ಈಗ ಯಾರೂ ಕೇಳುವುದಿಲ್ಲ. ಅದು ತೀರ್ಮಾನವಾಗಿ ಎರಡು ತಲೆಮಾರು ಕಳೆದಿದೆ. ಉಳಿದಿರುವ ಪ್ರಶ್ನೆ ಹೆಂಡತಿ ಮಕ್ಕಳು ಹೋಗಬೇಕೇ ಎಂಬುದು. ಕಳೆದ ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಅದೇ ಮಾತು.

ನಮ್ಮ ಮನೆಯವರು ಸೌದಿ ಅರೇಬಿಯಾದ ಜುಬೈಲ್‌ನಲ್ಲಿ ಒಂದು ಕಂಪೆನಿಯಲ್ಲಿದ್ದಾರೆ. ನಾವು ಇಲ್ಲಿ ನರಿಕೊಂಬಿನಲ್ಲಿ ಅತ್ತೆಯವರೊಂದಿಗೆ, ಎಂಟನೆಯ ತರಗತಿಯ ಮಗಳು ಮತ್ತು ಮೂರನೆಯ ತರಗತಿಯ ಮಗನೊಂದಿಗೆ ಇದ್ದೇವೆ. ಮದುವೆಯಾಗಿ 15 ವರ್ಷಗಳಾದವು. ಅವರಿಗೆ ವರ್ಷಕ್ಕೆ 45 ದಿನ ರಜೆ. 2020ರಲ್ಲಿ ವಿಮಾನಗಳು ನಿಂತಾಗ ಆ 45 ದಿನವೂ ಸಿಗಲಿಲ್ಲ. ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದೆವು. 15 ವರ್ಷಗಳಲ್ಲಿ ಅವರು ಈ ಮನೆಯಲ್ಲಿದ್ದದ್ದು 630 ದಿನ. ಎರಡು ವರ್ಷವೂ ತುಂಬಲಿಲ್ಲ. ಮಗ ಹುಟ್ಟಿದಾಗ ಅವರು ಇಲ್ಲಿರಲಿಲ್ಲ. ಮಗಳು ಶಾಲೆಗೆ ಸೇರಿದ ದಿನವೂ ಇರಲಿಲ್ಲ. ಇದು ನಮ್ಮೊಬ್ಬರ ದೂರಲ್ಲ, ಊರಿನ ಅರ್ಧ ಹೆಂಗಸರ ಕತೆ ಇದೇ. ಆದರೆ ಅಂಕೆಯಾಗಿ ಕಾಗದದ ಮೇಲೆ ಕಂಡಾಗ ಸುಮ್ಮನಿರಲಾಗಲಿಲ್ಲ.

ಹಿಂದೆ ಈ ಪ್ರಶ್ನೆಯನ್ನು ಹಣವೇ ತೀರ್ಮಾನಿಸುತ್ತಿತ್ತು. 2017ರ ಜುಲೈಯಿಂದ ಸೌದಿ ಸರಕಾರ ವಿದೇಶಿ ನೌಕರರ ಪ್ರತಿಯೊಬ್ಬ ಅವಲಂಬಿತರಿಗೂ ತಿಂಗಳಿಗೆ 100 ರಿಯಾಲ್ ಲೆವಿ ಹಾಕಿತು. ವರ್ಷಕ್ಕೆ ನೂರರಂತೆ ಏರಿಸಿ 2020ರ ಹೊತ್ತಿಗೆ ಅದು 400 ರಿಯಾಲ್ ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳೆಂದರೆ ವರ್ಷಕ್ಕೆ 14,400 ರಿಯಾಲ್, ನಮ್ಮ ರೂಪಾಯಿಯಲ್ಲಿ ಮೂರು ಲಕ್ಷಕ್ಕಿಂತ ಹೆಚ್ಚು. ಇದರ ಜೊತೆಗೆ 2018ರ ಜನವರಿಯಲ್ಲಿ ಶೇ. 5ರ ವ್ಯಾಟ್ ಬಂತು, 2020ರ ಜುಲೈಯಲ್ಲಿ ಅದು ಶೇ. 15 ಆಯಿತು. ಆ ಮೂರು ನಾಲ್ಕು ವರ್ಷಗಳಲ್ಲಿ ನಮ್ಮ ಸಂಬಂಧಿಕರಲ್ಲೇ ಮೂರು ಕುಟುಂಬಗಳು ಗಂಡನನ್ನು ಬ್ಯಾಚುಲರ್ ರೂಮಿಗೆ ಸೇರಿಸಿ ಊರಿಗೆ ಮರಳಿದವು. ಮಕ್ಕಳನ್ನು ಅರ್ಧ ವರ್ಷದಲ್ಲಿ ಇಲ್ಲಿನ ಶಾಲೆಗಳಿಗೆ ಸೇರಿಸಲು ಅವರು ಪಟ್ಟ ಪಾಡನ್ನು ಕಣ್ಣಾರೆ ಕಂಡಿದ್ದೇವೆ.

ನಮ್ಮ ಮನೆಯವರಿಗೆ ಕಳೆದ ವರ್ಷ ಬಡ್ತಿ ಸಿಕ್ಕಿತು. ಹೊಸ ಹುದ್ದೆಗೆ ಕುಟುಂಬದ ವೀಸಾ ದೊರೆಯುತ್ತದೆ. ಲೆವಿಯನ್ನು ಕಂಪೆನಿಯೇ ಕಟ್ಟುತ್ತದೆ, ಮನೆ ಬಾಡಿಗೆಯ ದೊಡ್ಡ ಪಾಲನ್ನೂ ಕೊಡುತ್ತದೆ. ಹೀಗೆ ಹಣದ ನೆಪ ತಪ್ಪಿಹೋಯಿತು. ಆಗಲೇ ನಿಜವಾದ ಪ್ರಶ್ನೆಗಳು ಎದುರಾದವು.

ನೋಡದೆ ತೀರ್ಮಾನಿಸುವುದು ಬೇಡವೆಂದು ಎಪ್ರಿಲ್, ಮೇ ತಿಂಗಳ ಶಾಲಾ ರಜೆಯಲ್ಲಿ ನಾವು ಮೂವರು ಭೇಟಿ ವೀಸಾದಲ್ಲಿ ಹೋಗಿ ಬಂದೆವು. ದಮ್ಮಾಮ್ ವಿಮಾನ ನಿಲ್ದಾಣದಿಂದ ಜುಬೈಲ್‌ಗೆ ಕಾರಿನಲ್ಲಿ ಸುಮಾರು ಒಂದು ಗಂಟೆ. ದಾರಿಯುದ್ದಕ್ಕೂ ಮರಳು, ನಡುವೆ ಬಾಣದಂತೆ ನೇರವಾದ ರಸ್ತೆ. ನಡೆದು ಹೋಗುವ ಒಬ್ಬ ಮನುಷ್ಯನೂ ಕಾಣಲಿಲ್ಲ.

ಜುಬೈಲ್ ಹಿಂದೆ ಮೀನುಗಾರರ, ಕಡಲಿನಿಂದ ಮುತ್ತು ತೆಗೆಯುವವರ ಸಣ್ಣ ಊರಾಗಿತ್ತು. 1975ರಲ್ಲಿ ಸೌದಿ ಸರಕಾರ ಜುಬೈಲ್ ಮತ್ತು ಯಾಂಬುಗಳಿಗಾಗಿ ರಾಯಲ್ ಕಮಿಷನ್ ಎಂಬ ಸಂಸ್ಥೆಯನ್ನು ರಚಿಸಿತು. ಅಮೆರಿಕದ ಬೆಕ್ಟೆಲ್ ಕಂಪೆನಿಯ ಉಸ್ತುವಾರಿಯಲ್ಲಿ ಹಳೆಯ ಊರಿನ ಪಕ್ಕದಲ್ಲೇ ಒಂದು ಕೈಗಾರಿಕಾ ನಗರ ಎದ್ದು ನಿಂತಿತು. ಕಾರ್ಖಾನೆಗಳು ಒಂದು ಕಡೆ, ವಸತಿ ಬಡಾವಣೆಗಳು ಇನ್ನೊಂದು ಕಡೆ, ನಡುವೆ ಅಗಲವಾದ ರಸ್ತೆಗಳು. ಪೆಟ್ರೋಲು ನೀರಿನಷ್ಟು ಅಗ್ಗವಾಗಿದ್ದ ಕಾಲದಲ್ಲಿ, ಪ್ರತಿ ಮನೆಗೂ ಕಾರಿರುತ್ತದೆ ಎಂಬ ಲೆಕ್ಕದಲ್ಲಿ ಹಾಕಿದ ನಕ್ಷೆ ಅದು. ಕಾರ್ಖಾನೆಯ ಹೊಗೆ ಮಕ್ಕಳು ಮಲಗುವ ಕೋಣೆಗೆ ಬರಬಾರದೆಂದು ಮನೆಗಳನ್ನು ದೂರ ಇಟ್ಟದ್ದು ಸರಿಯೇ. ಆದರೆ ದೂರ ಇಟ್ಟದ್ದನ್ನೆಲ್ಲ ಜೋಡಿಸುವ ಕೆಲಸವನ್ನು ಕಾರಿಗೆ ಬಿಟ್ಟರು. ರಿಯಾದ್‌ನಲ್ಲಿ 2024ರ ಡಿಸೆಂಬರ್‌ನಿಂದ ಮೆಟ್ರೋ ರೈಲು ಓಡುತ್ತಿದೆ. ಜುಬೈಲ್‌ಗೆ ಅಂಥದ್ದು ಬಂದಿಲ್ಲ.

ಒಳ್ಳೆಯದನ್ನು ಮೊದಲು ಹೇಳಬೇಕು. ಆ ಎರಡು ತಿಂಗಳು ರಾತ್ರಿಯ ಊಟಕ್ಕೆ ನಾವು ನಾಲ್ವರು ಒಂದೇ ಸುಫ್ರಾದ ಸುತ್ತ ಕುಳಿತೆವು. ಮಗ ತಂದೆಯ ಕೈ ಹಿಡಿದು ಮಗ್ರಿಬ್ ನಮಾಝ್‌ಗೆ ನಡೆದು ಹೋಗುತ್ತಿದ್ದ, ಮಸೀದಿ ಅಲ್ಲಿ ಪ್ರತಿ ಬಡಾವಣೆಯಲ್ಲೂ ಇದೆ. ಶುಕ್ರವಾರ ಸಂಜೆ ಫನಾತೀರ್‌ನ ಕಡಲ ದಂಡೆಯಲ್ಲಿ ಮಕ್ಕಳು ಸೈಕಲ್ ಓಡಿಸಿದರು. ಬೀದಿಗಳು ಶುಚಿ, ರಾತ್ರಿ ಹನ್ನೊಂದಕ್ಕೂ ಭಯವಿಲ್ಲ. 1,200 ಕಿಲೋಮೀಟರಿಗೂ ಹೆಚ್ಚು ದೂರದ ಮಕ್ಕಾಕ್ಕೆ ಹೋಗಿ ಉಮ್ರಾ ನಿರ್ವಹಿಸಿ ಬಂದೆವು. ಅದರ ಬೆಲೆಯನ್ನು ಯಾವ ಲೆಕ್ಕದಲ್ಲೂ ಬರೆಯಲಾಗದು.

ಇನ್ನೊಂದು ಮುಖ ಕಾಣತೊಡಗಿದ್ದು ಎರಡನೆಯ ವಾರದಲ್ಲಿ. ಬೆಳಿಗ್ಗೆ ಆರಕ್ಕೆ ಅವರು ಕೆಲಸಕ್ಕೆ ಹೊರಟರೆ ಸಂಜೆ ಐದರವರೆಗೆ ನಾವು ಮನೆಯೊಳಗೆ. ಮನೆಯ ಮುಂದೆ ಕಾಲುದಾರಿ ಇತ್ತು, ಬದಿಯಲ್ಲಿ ಮರಗಳೂ ಇದ್ದವು. ಆದರೆ ಅದರಲ್ಲಿ ನಡೆದು ಹೋಗಿ ಮುಟ್ಟಬೇಕಾದ ಸ್ಥಳವೇ ಇರಲಿಲ್ಲ. ಹತ್ತಿರದ ಸೂಪರ್ ಮಾರ್ಕೆಟ್ ಮೂರು ಕಿಲೋಮೀಟರ್, ನಡುವೆ ದಾಟಲು ಧೈರ್ಯವಾಗದ ರಸ್ತೆ. ಮೇ ತಿಂಗಳ ಕೊನೆಗೆ ಬಿಸಿಲು 40 ಡಿಗ್ರಿ ದಾಟಿತು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೂ ಸಂಜೆಯ ಕಾರಿಗೆ ಕಾಯಬೇಕು. ದಣಿದು ಬಂದ ಮನುಷ್ಯನಿಗೆ ಬೂಟು ಬಿಚ್ಚುವ ಮೊದಲೇ ಚೀಟಿ ಕೊಡಬೇಕು.

ಒಂದು ಬೆಳಿಗ್ಗೆ ಮಗಳಿಗೆ ಹೊಟ್ಟೆನೋವು ಬಂತು. ಅವರು ಕಾರ್ಖಾನೆಯೊಳಗಿದ್ದರು, ಅಲ್ಲಿ ಮೊಬೈಲ್ ಒಯ್ಯುವಂತಿಲ್ಲ. ಬಾಡಿಗೆ ಕಾರಿಗೆ ಫೋನ್ ಮಾಡಿದರೆ ಚಾಲಕ ಅರಬಿಯಲ್ಲಿ ಗುರುತು ಕೇಳುತ್ತಾನೆ, ನಮಗೆ ಆ ಬಡಾವಣೆಯಲ್ಲಿ ಗುರುತು ಹೇಳಲು ಒಂದು ಅಂಗಡಿಯೂ ಗೊತ್ತಿಲ್ಲ. ಕೊನೆಗೆ ಎರಡು ಮನೆಯಾಚೆಯ ಕೇರಳದ ಹೆಂಗಸು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸೌದಿಯಲ್ಲಿ ಮಹಿಳೆಯರಿಗೆ ವಾಹನ ಚಲಾಯಿಸಲು ಅನುಮತಿ ದೊರೆತದ್ದು 2018ರ ಜೂನ್ 24ರಿಂದ. ಅದಕ್ಕಿಂತ ಮೊದಲು ಆ ಬಡಾವಣೆಗಳಲ್ಲಿ ಬದುಕಿದ ನಮ್ಮೂರಿನ ಹೆಂಗಸರು ಇಂಥ ಬೆಳಗುಗಳನ್ನು ಹೇಗೆ ದಾಟಿದರೋ ಎಂದು ದಾರಿಯುದ್ದಕ್ಕೂ ಯೋಚಿಸಿದೆವು. ಮಗಳಿಗೆ ದೊಡ್ಡದೇನೂ ಆಗಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಆ ಒಂದು ಗಂಟೆ ನಮಗೆ ಒಂದು ವಿಷಯ ಕಲಿಸಿತು. ಕಾರಿನ ಊರಿನಲ್ಲಿ ಕಾರಿನ ಕೀಲಿ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಕಾಲುಗಳಿವೆ. ಉಳಿದವರು ಅವರನ್ನು ಕಾಯುತ್ತಾ ಕೂರಬೇಕು.

ಊರಿಗೆ ಮರಳಿದ ಮೇಲೆ ನರಿಕೊಂಬನ್ನು ಆ ಕಣ್ಣಿನಿಂದ ನೋಡತೊಡಗಿದೆವು. ನಮ್ಮ ಊರು ಸ್ವರ್ಗವೇನೂ ಅಲ್ಲ. ಬಸ್ಸುಗಳು ಕಡಿಮೆ. ಒಂದು ತಪ್ಪಿದರೆ ಇನ್ನೊಂದಕ್ಕೆ ಮುಕ್ಕಾಲು ಗಂಟೆ ಕಾಯಬೇಕು, ರಾತ್ರಿ ಎಂಟರ ನಂತರ ರಿಕ್ಷಾವೇ ಗತಿ. 2023ರ ಜೂನ್ 11ರಿಂದ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಬಂತಾದರೂ, ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಜಿಲ್ಲೆಯ ಒಳದಾರಿಗಳಲ್ಲಿ ನಾವು ಇಂದಿಗೂ ಟಿಕೇಟು ಕೊಂಡೇ ಹೋಗುತ್ತೇವೆ. ಮಳೆಗಾಲದಲ್ಲಿ ರಸ್ತೆಯ ಬದಿಯಲ್ಲಿ ನಡೆದರೆ ಮೈಯೆಲ್ಲ ಕೆಸರು. ಗಲ್ಫ್ ಹಣದಿಂದ ಗುಡ್ಡದ ಮೇಲೆ, ಬಸ್ಸಿನ ದಾರಿಯಿಂದ ದೂರ ಕಟ್ಟಿದ ಹೊಸ ಮನೆಗಳನ್ನು ನೋಡಿದರೆ ನಾವೂ ಇಲ್ಲೇ ಸಣ್ಣ ಸಣ್ಣ ಜುಬೈಲ್‌ಗಳನ್ನು ಕಟ್ಟುತ್ತಿದ್ದೇವೆಯೇ ಎಂದು ಅನಿಸುತ್ತದೆ. ಅಂಥ ಮನೆಗಳಲ್ಲಿ ಕಾರು ಗೇಟಿನೊಳಗೆ ನಿಂತಿರುತ್ತದೆ, ಓಡಿಸುವವರು ಕೊಲ್ಲಿಯಲ್ಲಿರುತ್ತಾರೆ.

ಆದರೂ ಇಲ್ಲಿ ನಮ್ಮ ಕಾಲಿಗೆ ದಾರಿ ಇದೆ. ನೇತ್ರಾವತಿಯಲ್ಲಿ ದೋಣಿಗಳು ಸರಕು ತರುತ್ತಿದ್ದ ಕಾಲದಲ್ಲಿ ಬೆಳೆದ ಪೇಟೆ ಪಾಣೆಮಂಗಳೂರು. ತಲೆಹೊರೆ ಹೊತ್ತವರು, ಎತ್ತಿನ ಗಾಡಿಯವರು ಓಡಾಡುತ್ತಿದ್ದ ಕಾಲದ ಅಳತೆ ಅದಕ್ಕೆ ಇನ್ನೂ ಉಳಿದಿದೆ. ಬಟ್ಟೆ ಅಂಗಡಿ, ಮದ್ದಿನ ಅಂಗಡಿ, ದರ್ಜಿ, ಮೀನು ಮಾರುವವರು ಎಲ್ಲ ಒಂದೇ ಬೀದಿಯ ಆಸುಪಾಸಿನಲ್ಲಿ ಸಿಗುತ್ತಾರೆ. ಅಲ್ಲಿಂದ ನದಿ ದಾಟಿದರೆ ಬಿ.ಸಿ. ರೋಡು. ಬಿ.ಸಿ. ರೋಡಿನಿಂದ ಮಂಗಳೂರಿಗೆ, ಪುತ್ತೂರಿಗೆ, ಧರ್ಮಸ್ಥಳಕ್ಕೆ ಬಸ್ಸು.

ನಮ್ಮ ಅತ್ತೆಯವರಿಗೆ 70 ದಾಟಿದೆ. ಬೀಡಿ ಕಟ್ಟಿಯೇ ಮಕ್ಕಳನ್ನು ಸಾಕಿದವರು. ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಹಿಂದಿನಂತೆ ದಿನಕ್ಕೆ ಸಾವಿರ ಕಟ್ಟಲು ಈಗ ಬೆರಳು ಕೇಳುವುದಿಲ್ಲ. ಆದರೂ ಅಕ್ಕಪಕ್ಕದ ಹೆಂಗಸರೊಂದಿಗೆ ಬೀಡಿ ಬ್ರಾಂಚಿನವರೆಗೆ ನಡೆದು ಹೋಗಿ ಬರುವುದನ್ನು ಅವರು ಬಿಟ್ಟಿಲ್ಲ. ದಾರಿಯಲ್ಲಿ ಮೊಗರ್ನಾಡು ಕಡೆಯ ಕ್ರೈಸ್ತ ಹೆಂಗಸೊಬ್ಬರ ಮನೆಯ ಜಗಲಿಯಲ್ಲಿ ಕುಳಿತು ನೀರು ಕುಡಿಯುತ್ತಾರೆ. ಬೀಡಿ ಕಟ್ಟುವ ದಿನಗಳ ಸ್ನೇಹ ಅದು, ನಲವತ್ತು ವರ್ಷದ್ದು. ಅತ್ತೆಗೆ ಓದು ಬರಹ ಬಾರದು. ಆದರೆ ಬಸ್ಸಿನ ಬಣ್ಣ ನೋಡಿ ಯಾವ ಊರಿನ ಬಸ್ಸೆಂದು ಹೇಳುತ್ತಾರೆ, ಒಬ್ಬರೇ ವಿಟ್ಲದ ತಂಗಿಯ ಮನೆಗೆ ಹೋಗಿ ಬರುತ್ತಾರೆ. ಜುಬೈಲ್‌ನ ಆ ಬಡಾವಣೆಯಲ್ಲಿ ಅವರನ್ನು ಕೂರಿಸಿದರೆ ಅವರಿಗೆ ಉಳಿಯುವುದು ಒಂದು ಸೋಫಾ ಮತ್ತು ಕಿಟಕಿ.

ಮಗಳ ಮಾತು ಇನ್ನೂ ನೇರವಾಗಿತ್ತು. "ಉಮ್ಮಾ, ಇಲ್ಲಿ ನಾನು ಒಬ್ಬಳೇ ಬಿ.ಸಿ. ರೋಡಿಗೆ ಹೋಗಿ ಪುಸ್ತಕ ತರ್ತೇನೆ. ಅಲ್ಲಿ ಪೆನ್ನಿನ ರೀಫಿಲ್‌ಗೂ ಪಪ್ಪನ ಕಾರು ಬರ್ಬೇಕು." ಈ ವರ್ಷವಷ್ಟೇ ಅವಳಿಗೆ ಬಸ್ ಪಾಸ್ ಮಾಡಿಸಿಕೊಟ್ಟಿದ್ದೆವು. ಹದಿಮೂರು ವರ್ಷದ ಹುಡುಗಿಗೆ ಒಂದು ಬಸ್ ಪಾಸ್ ಎಂದರೆ ಎಷ್ಟು ಎಂಬುದು ಅವಳ ಮುಖ ನೋಡಿದವರಿಗೆ ತಿಳಿಯುತ್ತದೆ.

ಹೀಗೆ ತಕ್ಕಡಿಯ ಒಂದು ತಟ್ಟೆಯಲ್ಲಿ 630 ದಿನ, ಇನ್ನೊಂದು ತಟ್ಟೆಯಲ್ಲಿ ಮೂರು ಹೆಣ್ಣುಜೀವಗಳ ಕಾಲು. ಹಿತೈಷಿಗಳು ನಡುವಿನ ದಾರಿಯೊಂದನ್ನು ಸೂಚಿಸಿದರು. ದೇರಳಕಟ್ಟೆಯಲ್ಲೋ ಫಳ್ನೀರಿನಲ್ಲೋ ಒಂದು ಫ್ಲ್ಯಾಟ್ ಮಾಡಿ, ಮಕ್ಕಳ ಕಲಿಕೆಗೂ ಆಯಿತು, ಬಸ್ಸೂ ಇದೆ ಎಂದರು. ಗಲ್ಫ್‌ನಲ್ಲಿರುವ ಹಲವರು ಹಾಗೆಯೇ ಮಾಡಿದ್ದಾರೆ. ಆದರೆ 25 ಕಿಲೋಮೀಟರ್ ಆಚೆಯ ಮಂಗಳೂರಿಗೆ ಹೋದರೆ 630ರ ಲೆಕ್ಕಕ್ಕೆ ಒಂದು ದಿನವೂ ಸೇರುವುದಿಲ್ಲ. ಅತ್ತೆಯವರು ನರಿಕೊಂಬನ್ನೂ ಕಳೆದುಕೊಳ್ಳುತ್ತಾರೆ, ಮಗನೂ ಹತ್ತಿರವಾಗುವುದಿಲ್ಲ.

ಮಗು ಮೊಲೆ ಬಿಡುವಂಥ ಮನೆಯೊಳಗಿನ ವಿಷಯದಲ್ಲೂ ತಂದೆ ತಾಯಿ ಪರಸ್ಪರ ಸಮಾಲೋಚಿಸಬೇಕೆಂದು ಕುರ್‌ಆನ್ ಕಲಿಸುತ್ತದೆ. ಹಾಗಿರುವಾಗ ಊರು ಬಿಡುವ ವಿಷಯವನ್ನು ಗಂಡಸರು ಫೋನಿನಲ್ಲಿ ತೀರ್ಮಾನಿಸಿ ಹೆಂಗಸರಿಗೆ ತಿಳಿಸುವ ಪದ್ಧತಿ ನಮ್ಮಲ್ಲಿ ಹೇಗೆ ಬೆಳೆಯಿತೋ! ನಮ್ಮ ಮನೆಯಲ್ಲಿ ಮಗನೂ ಸೇರಿದಂತೆ ಎಲ್ಲರೂ ಮಾತಾಡಿದರು. ವೀಡಿಯೋ ಕರೆಯ ಆಚೆಯಿಂದ ಅವರು ಹೆಚ್ಚು ಕೇಳಿದರು, ಕಡಿಮೆ ಹೇಳಿದರು. ಕೊನೆಗೆ ಅತ್ತೆಯವರು ಬಾಯಿ ತೆರೆದರು.

"ನಾವು ಒಟ್ಟಿಗಿದ್ದದ್ದು ಎಷ್ಟು ದಿನ ಅಂತ ನಿಮ್ಮ ಹಾಗೆ ಲೆಕ್ಕ ಹಾಕ್ಲಿಕ್ಕೆ ನಮಗೆ ಬರ್ತಿರ್ಲಿಲ್ಲ ಮಗಳೇ. ಅವರು ಬೊಂಬಾಯಿಯಲ್ಲಿ ಹೋಟೆಲ್ ಕೆಲಸಕ್ಕಿದ್ದರು. ಕಾಗದ ಬಂದ್ರೆ ಓದ್ಲಿಕ್ಕೆ ಇನ್ನೊಬ್ಬರನ್ನು ಕರೀಬೇಕಿತ್ತು. ಕಡೆಗೆ ಊರಿಗೆ ಬಂದು ನಿಂತರು, ನಿಂತು ಒಂದೂವರೆ ವರ್ಷಕ್ಕೆ ಹೋದರು. ನೀವು ಹೋಗಿ. ನನ್ನನ್ನು ಮಾತ್ರ ಈ ಮನೆಯಿಂದ ಎಬ್ಬಿಸ್ಬೇಡಿ."

ಈ ಮಾತಿನ ನಂತರ ಹೋಗುವುದೋ ಬೇಡವೋ ಎಂಬ ಚರ್ಚೆ ಮುಗಿಯಿತು. ಯಾರ ಕಾಲನ್ನೂ ಕಟ್ಟದೆ ಹೋಗುವುದು ಹೇಗೆಂದು ಯೋಚಿಸತೊಡಗಿದೆವು.

ಮೊದಲು ಮನೆಯ ಪ್ರಶ್ನೆ. ಕೈಗಾರಿಕಾ ನಗರದ ಹೊಸ ಬಡಾವಣೆಯ ಮನೆ ಅಂದದ್ದು, ಕೋಣೆಗಳು ದೊಡ್ಡವು. ಆದರೆ ಜುಬೈಲ್‌ನ ಹಳೆಯ ಊರು ಇನ್ನೂ ಇದೆ, ಅದನ್ನು ಬಲದ್ ಎನ್ನುತ್ತಾರೆ. ಗಲ್ಲಿಗಳು ಇಕ್ಕಟ್ಟು, ಕಟ್ಟಡಗಳು ಹಳೆಯವು. ಕೆಳಗೆ ಅಂಗಡಿ, ಮೇಲೆ ಮನೆ. ತರಕಾರಿ, ಮೀನು, ಔಷಧಿ, ದರ್ಜಿ, ಚಹಾದ ಹೋಟೆಲು ಎಲ್ಲ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ನಮ್ಮೂರಿನವರ ಮನೆಗೆ ಊಟಕ್ಕೆ ಹೋದ ದಿನ, ಮಗಳು ತಾನಾಗಿ ಕೆಳಗಿಳಿದು ಎದುರಿನ ಅಂಗಡಿಯಿಂದ ಐಸ್‌ಕ್ರೀಂ ತಂದಿದ್ದಳು. ಎರಡು ತಿಂಗಳಲ್ಲಿ ಅವಳು ಒಬ್ಬಳೇ ಮಾಡಿದ ಪ್ರಯಾಣ ಅದೊಂದೇ. ಕಂಪೆನಿಯ ಬಸ್ಸು ಬಲದ್‌ನಿಂದಲೂ ಕಾರ್ಖಾನೆಗೆ ಹೋಗುತ್ತದೆ. ಆದ್ದರಿಂದ ಅಲ್ಲಿಯೇ ಎರಡು ಕೋಣೆಯ ಮನೆ ಹಿಡಿಯುವುದೆಂದು ಒಪ್ಪಿದೆವು. "ಇಷ್ಟು ಸಂಬಳ ಬಂದ ಮೇಲೂ ಬಲದ್‌ನಲ್ಲೇ?" ಎಂದು ಅವರ ಗೆಳೆಯರು ಕೇಳಿದರಂತೆ. ಪ್ರತಿಷ್ಠೆಗೆ ದೊಡ್ಡ ಹಾಲ್ ಬೇಕಾಗಬಹುದು, ನಮಗೆ ಬೇಕಾದದ್ದು ಬಾಗಿಲಿನಾಚೆ ಹೋಗಲೊಂದು ಜಾಗ.

ಎರಡನೆಯದು ಕಾರಿನ ಕೀಲಿ. ಬಿ.ಸಿ. ರೋಡಿನ ಒಂದು ಡ್ರೈವಿಂಗ್ ಶಾಲೆಗೆ ಸೇರಿ ಕಾರು ಕಲಿತೆವು, ಬಂಟ್ವಾಳದ ಕೆಎ 70ರ ಲೈಸನ್ಸ್ ಕೈಗೆ ಬಂತು. ಅಲ್ಲಿ ವಾಹನ ರಸ್ತೆಯ ಬಲಬದಿಯಲ್ಲಿ ಓಡುತ್ತದೆ, ಇಲ್ಲಿ ಕಲಿತದ್ದನ್ನು ತಿರುಗಿಸಿ ಕಲಿಯಬೇಕು, ಅಲ್ಲಿನ ಪರೀಕ್ಷೆಯನ್ನೂ ಪಾಸಾಗಬೇಕು. ಇನ್‌ಶಾ ಅಲ್ಲಾಹ್, ಅದೂ ಆಗುತ್ತದೆ. ಇನ್ನೊಬ್ಬ ತಾಯಿ ಗಾಬರಿಯಲ್ಲಿ ಬಾಗಿಲು ತಟ್ಟಿದರೆ ಆ ಕೇರಳದ ಹೆಂಗಸಿನಂತೆ ಕೀಲಿ ಹಿಡಿದು ಹೊರಡುವಷ್ಟಾದರೂ ಕಲಿಯಬೇಕೆಂದಿದೆ.

ಮೂರನೆಯದು ಅತ್ತೆಯವರದು. ಅವರು ನರಿಕೊಂಬಿನ ಮನೆಯಲ್ಲೇ ಇರುತ್ತಾರೆ. ನಮ್ಮ ನಾದಿನಿಯ ಮನೆ ಪಾಣೆಮಂಗಳೂರಿನಲ್ಲಿದೆ. ಅವರ ಮಗ ಕಾಲೇಜಿಗೆ ಹೋಗುವವನು, ರಾತ್ರಿ ಅಜ್ಜಿಯ ಜೊತೆ ಮಲಗಲು ಒಪ್ಪಿದ್ದಾನೆ. ಚಳಿಗಾಲದಲ್ಲಿ, ಜುಬೈಲ್‌ನಲ್ಲಿ ಹಗಲಲ್ಲೂ ನಡೆಯಬಹುದಾದ ತಿಂಗಳುಗಳಲ್ಲಿ, ಅವರನ್ನು ಭೇಟಿ ವೀಸಾದಲ್ಲಿ ಕರೆಸಿ ಉಮ್ರಾ ಮಾಡಿಸಬೇಕು. ಇದು ಪೂರ್ಣ ಪರಿಹಾರ ಎಂದು ನಾವು ಹೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ ಅವರಿಗೆ ಎದೆ ನೋವು ಬಂದರೆ ನಾವು ಕಡಲಾಚೆ ಇರುತ್ತೇವೆ. ಆ ಅಳುಕನ್ನು ಇಟ್ಟುಕೊಂಡೇ ಹೋಗಬೇಕು. ಇಷ್ಟು ವರ್ಷ ಅವರ ಮಗ ಅದೇ ಅಳುಕನ್ನು ಒಬ್ಬರೇ ಹೊತ್ತಿದ್ದರು.

ಓದುಗರಲ್ಲಿ ಎಷ್ಟೋ ಮಂದಿ ಇಂಥ ತೀರ್ಮಾನದ ಎದುರಿಗಿರಬಹುದು. ಊರು ಜುಬೈಲ್ ಆಗಿರಬೇಕೆಂದಿಲ್ಲ. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್ ಆಗಬಹುದು, ಊರಿನಲ್ಲೇ ಗುಡ್ಡದ ಮೇಲಿನ ಹೊಸ ಮನೆ ಆಗಬಹುದು. ಸಂಬಳ, ಬಾಡಿಗೆ, ಶಾಲೆಯ ಶುಲ್ಕ ಇವನ್ನೆಲ್ಲ ಹೇಗೂ ಕೂಡಿಸಿ ಕಳೆಯುತ್ತೇವೆ. ಅದರ ಜೊತೆಗೆ ಮನೆಯ ಪ್ರತಿಯೊಬ್ಬರ ಹೆಸರು ಬರೆದು, ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಇವರು ಅಲ್ಲಿ ಎಲ್ಲಿಗೆ ಹೋಗಬಲ್ಲರು ಎಂದು ಎದುರಿಗೆ ಬರೆದು ನೋಡಬೇಕು. ಯಾರ ಹೆಸರಿನ ಎದುರು ಜಾಗ ಖಾಲಿ ಉಳಿಯುತ್ತದೋ ಅವರ ಮಾತನ್ನು ಮೊದಲು ಕೇಳಬೇಕು. ಹೆಚ್ಚಾಗಿ ಆ ಹೆಸರು ಅಜ್ಜಿಯದ್ದು, ಹೆಂಡತಿಯದ್ದು ಅಥವಾ ಮಗಳದ್ದು ಆಗಿರುತ್ತದೆ.

ಎಪ್ರಿಲ್‌ನಲ್ಲಿ ಅಲ್ಲಿನ ಇಂಡಿಯನ್ ಸ್ಕೂಲ್ ಹೊಸ ವರ್ಷ ಆರಂಭಿಸುತ್ತದೆ. ಮಗಳು ಒಂಬತ್ತು, ಹತ್ತನೆಯ ತರಗತಿಗಳನ್ನು ಅಲ್ಲಿ ಓದುತ್ತಾಳೆ. ಅವಳು ಒಪ್ಪಿದ್ದಾಳೆ ಎಂದರೆ ಸುಳ್ಳಾಗುತ್ತದೆ, ಸುಮ್ಮನಾಗಿದ್ದಾಳೆ ಅಷ್ಟೇ. ಹತ್ತನೆಯದು ಮುಗಿದೊಡನೆ ಪಿಯುಸಿಗೆ ಇಲ್ಲಿಗೇ ಕಳುಹಿಸಬೇಕು, ಅಜ್ಜಿಯ ಮನೆಯಿಂದ ಬಸ್ಸಿನಲ್ಲೇ ಕಾಲೇಜಿಗೆ ಹೋಗುತ್ತೇನೆ ಎಂದು ತಂದೆಯಿಂದ ಮಾತು ಪಡೆದಿದ್ದಾಳೆ. ಎರಡು ವರ್ಷ ಎಂದು ಹೊರಟು ಇಪ್ಪತ್ತು ವರ್ಷ ನಿಂತವರನ್ನು ನಮ್ಮ ಊರು ಬಹಳ ಕಂಡಿದೆ. ಆದ್ದರಿಂದ ಅವಳಿಗೆ ಕೊಟ್ಟ ಮಾತನ್ನು ಅತ್ತೆಯವರ ಮುಂದೆಯೇ ಕೊಟ್ಟಿದ್ದೇವೆ. ಅವರು ಲೆಕ್ಕ ಮರೆಯುವವರಲ್ಲ.